ಎಂ.ಎಸ್ಸಿ ಮುಗಿಯಿತು, ರಿಸರ್ಚ್‌ಗೆ ಹೋಗುತ್ತಿಲ್ಲ. ನನ್ನ ಕೈಯಲ್ಲಿ ನಿಜವಾಗಿ ಏನಿದೆ?

ಜಾವಳಿ ಮಳೆ (ಮೂಡಿಗೆರೆ)

ಎಲ್ಲರಿಗೂ ನಮಸ್ಕಾರ. ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ ಮುಗಿಸಿದ್ದೇನೆ. ಮನೆಯಲ್ಲಿ ಎಂಟು ಎಕರೆ ಕಾಫಿ, ಮರಗಳಿಗೆ ಮೆಣಸು ಹಬ್ಬಿಸಿದ್ದೇವೆ. ಪಿಎಚ್‌ಡಿ ಮಾಡುವ ಆಸೆ ಇತ್ತು, ಸದ್ಯಕ್ಕೆ ಮನೆಯ ಪರಿಸ್ಥಿತಿ ಹಾಗಿಲ್ಲ.

ಕೆಲಸಕ್ಕೆ ಅರ್ಜಿ ಹಾಕೋಣ ಎಂದು ಬಯೋಡೇಟಾ ಬರೆಯಲು ಕೂತೆ. 'ಸ್ಕಿಲ್ಸ್' ಅಂತ ಒಂದು ಜಾಗ ಇರುತ್ತದಲ್ಲ, ಅಲ್ಲಿ ಮೈಕ್ರೋಸ್ಕೋಪ್, ಪಿಸಿಆರ್, ಎಂಎಸ್ ಆಫೀಸ್ ಎಂದು ಬರೆದೆ. ಮುಂದೆ ಏನೂ ಹೊಳೆಯಲಿಲ್ಲ. ಡಿಎನ್‌ಎ ಪ್ರತಿ ತೆಗೆಯುವ ಆ ಪಿಸಿಆರ್ ಮೆಷಿನ್ ಮುಟ್ಟಿದ್ದು ಎರಡೇ ಸಲ.

ಅಪ್ಪ ಪಕ್ಕದಲ್ಲೇ ಕೂತಿದ್ದರು. 'ಐದು ವರ್ಷ ಓದಿದೆಯಲ್ಲ ಮಗಳೇ, ಬೇರೆ ಯಾವುದಾದರೂ ಕೆಲಸಕ್ಕೆ ಸೇರಿದರೆ ಅದರಲ್ಲಿ ಯಾವುದು ಜೊತೆಗೆ ಬರುತ್ತೆ?' ಎಂದು ಕೇಳಿದರು. ಬೇಜಾರಿನಿಂದ ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು. ನನ್ನ ಬಳಿ ಉತ್ತರ ಇರಲಿಲ್ಲ.

ವಿಜ್ಞಾನ ಓದಿ ಬೇರೆ ಬೇರೆ ಕೆಲಸದಲ್ಲಿರುವವರು ಇಲ್ಲಿ ತುಂಬಾ ಜನ ಇದ್ದೀರಿ. ನಿಮಗೆ ದಿನಾ ಕೆಲಸಕ್ಕೆ ಬರುವುದು ಯಾವುದು? ಬುದ್ಧಿವಾದಕ್ಕಿಂತ ನಿಮ್ಮ ಕೆಲಸದಲ್ಲಿ ನಡೆದದ್ದನ್ನು ಹೇಳಿದರೆ ನನಗೆ ಜಾಸ್ತಿ ಅರ್ಥ ಆಗುತ್ತದೆ.

ಹಾಲಿನ ಲ್ಯಾಬ್ (ಹಾಸನ)

ತಂಗಿ, ನಾನು ಬಿ.ಎಸ್ಸಿ ಕೆಮಿಸ್ಟ್ರಿ ಓದಿದವಳು. ಹನ್ನೊಂದು ವರ್ಷದಿಂದ ಹಾಲು ಪರೀಕ್ಷೆ ಮಾಡುತ್ತಿದ್ದೇನೆ.

ಹಾಲಿನ ಫ್ಯಾಟ್ ನೋಡಲು ಗರ್ಬರ್ ಪರೀಕ್ಷೆ ಇದೆ. ಗಾಜಿನ ಬ್ಯುಟಿರೋಮೀಟರ್‌ಗೆ ಮೊದಲು 10 ಎಂಎಲ್ ಸಲ್ಫ್ಯೂರಿಕ್ ಆಸಿಡ್, ಅದರ ಮೇಲೆ 10.75 ಎಂಎಲ್ ಹಾಲು, ಕೊನೆಗೆ 1 ಎಂಎಲ್ ಅಮೈಲ್ ಆಲ್ಕೋಹಾಲ್. ಹಾಲನ್ನು ಗಾಜಿನ ಒಳಗೋಡೆಗೆ ತಾಗಿಸಿ ನಿಧಾನಕ್ಕೆ ಬಿಡಬೇಕು, ಒಮ್ಮೆಲೇ ಸುರಿದರೆ ಸುಟ್ಟು ಕಪ್ಪಾಗುತ್ತದೆ. ಮುಚ್ಚಳ ಹಾಕಿ ಅಲುಗಿಸುವಾಗ ಬಟ್ಟೆ ಸುತ್ತಿಕೊಂಡೇ ಹಿಡಿಯಬೇಕು, ಅಷ್ಟು ಬಿಸಿ. ಸೆಂಟ್ರಿಫ್ಯೂಜ್‌ನಲ್ಲಿ ಐದು ನಿಮಿಷ ತಿರುಗಿಸಿ, 65 ಡಿಗ್ರಿ ನೀರಿನಲ್ಲಿಟ್ಟು, ಮೇಲೆ ನಿಂತ ಹಳದಿ ಪಟ್ಟಿ ಎಷ್ಟಿದೆ ಎಂದು ಓದುವುದು. ಇಷ್ಟನ್ನು ಯಾರಿಗೆ ಬೇಕಾದರೂ ಒಂದು ವಾರದಲ್ಲಿ ಕಲಿಸಬಹುದು. ನನಗೆ ಸಂಬಳ ಬರುತ್ತಿರುವುದು ಇದಕ್ಕಲ್ಲ ಎಂದು ಗೊತ್ತಾಗಲು ಮೂರು ವರ್ಷ ಹಿಡಿಯಿತು.

ಒಂದು ಹಳ್ಳಿಯ ಸಂಘದಿಂದ ಬರುವ ಸಂಜೆ ಹಾಲಿನ ಫ್ಯಾಟ್ ಒಂದು ವಾರ ಇಳಿದೇ ಇತ್ತು. 'ನೀರು ಹಾಕ್ತಿದ್ದಾರೆ, ದುಡ್ಡು ಕಡಿತ ಮಾಡಿ' ಎಂದು ಮೇಲಿನವರು ಹೇಳಿದರು. ನಾನು ಹಾಲಿನ ಸಾಂದ್ರತೆ ತೋರಿಸುವ ಲ್ಯಾಕ್ಟೋಮೀಟರ್‌ನ ರೀಡಿಂಗ್ ತೆಗೆದು ನೋಡಿದೆ. ನೀರು ಬೆರೆಸಿದ್ದರೆ ಅದೂ ಇಳಿಯಬೇಕಿತ್ತು, ಇಳಿದಿರಲಿಲ್ಲ. ಹಾಗಾದರೆ ನೀರಲ್ಲ. ಕೆನೆ ತೆಗೆದಿರಬಹುದೇ? ಅದನ್ನೂ ಕೂತಲ್ಲೇ ಹೇಳಲು ಮನಸ್ಸಾಗಲಿಲ್ಲ. ಸಂಜೆ ಬಸ್ ಹತ್ತಿ ಆ ಊರಿಗೇ ಹೋದೆ. ಸ್ಯಾಂಪಲ್ ತೆಗೆಯಲು ಹೊಸ ಹುಡುಗ ಬಂದಿದ್ದ. ಹಾಲು ತಂಪು ಮಾಡುವ ಟ್ಯಾಂಕಿನಲ್ಲಿ ಕಲಕುವ ಮೋಟರು ಇರುತ್ತದೆ. ಅವನು ಅದನ್ನು ಹಾಕದೆ ತಳದ ನಲ್ಲಿಯಿಂದ ಹಿಡಿಯುತ್ತಿದ್ದ. ಕೊಬ್ಬು ಮೇಲೆ ತೇಲುತ್ತದೆ, ತಳದ ಹಾಲು ತೆಳು. ಹತ್ತು ನಿಮಿಷ ಕಲಕಿ ತೆಗೆದ ಸ್ಯಾಂಪಲ್‌ಗೂ ಅವನ ಸ್ಯಾಂಪಲ್‌ಗೂ 0.4 ವ್ಯತ್ಯಾಸ ಬಂತು. ಅರವತ್ತು ಮನೆಯವರು ಕಳ್ಳರು ಎನಿಸಿಕೊಳ್ಳುವುದು ತಪ್ಪಿತು.

ಬಯೋಡೇಟಾದಲ್ಲಿ ಇದನ್ನು ಏನಂತ ಬರೆಯುತ್ತಾರೋ ಗೊತ್ತಿಲ್ಲ. ಒಂದು ನಂಬರ್ ಬಂದಾಗ 'ಇದು ಎಲ್ಲಿಂದ ಬಂತು, ಹೇಗೆ ಬಂತು' ಎಂದು ಹಿಂದಕ್ಕೆ ನಡೆಯುತ್ತಾ ಹೋಗುವುದು. ನನ್ನ ಕೆಲಸ ಅದು.

ರೊಬಸ್ಟಾ (ಸಕಲೇಶಪುರ)

ಅಕ್ಕ ಹೇಳಿದ್ದು ಮನಸ್ಸಿಗೆ ತಟ್ಟಿತು. ಆದರೆ ಹುಡುಗಿಗೆ ಇನ್ನೊಂದು ಕಡೆಯನ್ನೂ ಹೇಳಬೇಕು, ಇಲ್ಲದಿದ್ದರೆ ಮೋಸ ಮಾಡಿದ ಹಾಗೆ.

ನಾನು ಫಿಸಿಕ್ಸ್ ಎಂ.ಎಸ್ಸಿ. ಹದಿನಾಲ್ಕು ಇಂಟರ್‌ವ್ಯೂಗೆ ಹೋಗಿದ್ದೇನೆ. ಒಬ್ಬರೂ ನಾನು ಹೇಗೆ ಯೋಚನೆ ಮಾಡುತ್ತೇನೆ ಎಂದು ಕೇಳಲಿಲ್ಲ. ಇಂಗ್ಲಿಷ್‌ನಲ್ಲಿ ನಿಮ್ಮ ಬಗ್ಗೆ ಹೇಳಿ, ಎಕ್ಸೆಲ್ ಬರುತ್ತಾ, ಯಾರ ರೆಫರೆನ್ಸ್, ಇಷ್ಟೇ. ನಡುವೆ ಒಂದು ತರಬೇತಿ ಸಂಸ್ಥೆ ಡೇಟಾ ಸೈನ್ಸ್ ಕಲಿಸುತ್ತೇವೆ, ಕೆಲಸ ಗ್ಯಾರಂಟಿ ಎಂದು ನಲವತ್ತು ಸಾವಿರ ತೆಗೆದುಕೊಂಡಿತು. ಕಲಿಸಿದ್ದು ಯೂಟ್ಯೂಬ್‌ನಲ್ಲಿ ಸುಮ್ನೆ ಸಿಗುವುದನ್ನೇ. ಈಗ ಬ್ಯಾಂಕಿನಲ್ಲಿದ್ದೇನೆ, ಪರೀಕ್ಷೆ ಬರೆದು ಬಂದೆ.

ವಿಜ್ಞಾನ ಓದಿದವರಿಗೆ ಒಳ್ಳೆಯ ಅಭ್ಯಾಸ ಇರುತ್ತದೆ, ಒಪ್ಪುತ್ತೇನೆ. ಆದರೆ ಬಾಗಿಲು ತೆಗೆಯುವವರಿಗೆ ಅದು ಕಾಣುವುದಿಲ್ಲ. ಮೊದಲು ಎಕ್ಸೆಲ್ ಸರಿಯಾಗಿ ಕಲಿಯಿರಿ, ದಿನಾ ಅರ್ಧ ಗಂಟೆ ಇಂಗ್ಲಿಷ್ ಮಾತಾಡಿ. ದುಡ್ಡು ಕೊಡಬೇಡಿ.

ಪೇಟೆಂಟ್ ಓದುಗ (ಬೆಂಗಳೂರು, ಊರು ಕೊಪ್ಪ)

ರೊಬಸ್ಟಾ ಅಣ್ಣ ಹೇಳಿದ್ದರಲ್ಲಿ ಅರ್ಧ ನನ್ನದೇ ಕಥೆ. ಕನ್ನಡ ಮಾಧ್ಯಮದಲ್ಲಿ ಓದಿ ಬಯೋಟೆಕ್‌ಗೆ ಹೋದವಳು ನಾನು. ಮೊದಲ ಸೆಮಿಸ್ಟರ್ ಪೂರ್ತಿ ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ.

ಆದರೆ ಕೆಲಸ ಕೊಟ್ಟದ್ದು ಓದುವ ಅಭ್ಯಾಸ, ಮಾತಾಡುವ ಇಂಗ್ಲಿಷ್ ಅಲ್ಲ. ನಮ್ಮದು ಪೇಟೆಂಟ್ ಹುಡುಕಾಟದ ಕಚೇರಿ. ಯಾರೋ ಒಂದು ಹೊಸ ವಸ್ತು ಮಾಡಿದ್ದೇವೆ ಎನ್ನುತ್ತಾರೆ. ಅದು ನಿಜಕ್ಕೂ ಹೊಸದಾ, ಹಿಂದೆ ಯಾರಾದರೂ ಮಾಡಿ ಬರೆದಿಟ್ಟಿದ್ದಾರಾ ಎಂದು ಹುಡುಕಬೇಕು. ಅರವತ್ತು ಪುಟದಲ್ಲಿ ಒಂದೇ ಒಂದು ವಾಕ್ಯ ಮುಖ್ಯ ಇರುತ್ತದೆ. 'ಸುಮಾರು' ಎಂಬ ಒಂದು ಪದ ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಎಂ.ಎಸ್ಸಿಯಲ್ಲಿ ರಿಸರ್ಚ್ ಪೇಪರ್‌ಗಳನ್ನು ಡಿಕ್ಷನರಿ ಇಟ್ಟುಕೊಂಡು ಒದ್ದಾಡಿ ಓದಿದ್ದೆನಲ್ಲ, ಅದು ಇಲ್ಲಿ ಕೈಹಿಡಿಯಿತು. ನಮ್ಮ ದೇಶದಲ್ಲಿ ಪೇಟೆಂಟ್ ಏಜೆಂಟ್ ಪರೀಕ್ಷೆಗೆ ಕೂರಬೇಕಾದರೆ ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಡಿಗ್ರಿ ಇರಲೇಬೇಕು. ಪೇಟೆಂಟ್ ಏಜೆಂಟ್ ಆಗಲು ವಕೀಲಿಕೆ ಓದಿರಬೇಕಾಗಿಲ್ಲ. ಇದು ನಮ್ಮ ಕಡೆ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

2019ರಲ್ಲಿ ಐದು ಕಾಫಿಗಳಿಗೆ ಜಿಐ ಟ್ಯಾಗ್ (ಇದು ಇಂಥ ಊರಿನದೇ ಎಂಬ ಸರ್ಕಾರಿ ಗುರುತು) ಬಂತು, ಅದರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡು ನಮ್ಮ ಜಿಲ್ಲೆಯವು. ನಮ್ಮ ಬೆಟ್ಟದ ಕಾಫಿ ಬೇರೆ ಎಂದು ಬಾಯಲ್ಲಿ ಹೇಳಿದರೆ ಆಗುವುದಿಲ್ಲ. ಮಣ್ಣು, ಎತ್ತರ, ಬೆಳೆಯುವ ರೀತಿ, ಇತಿಹಾಸ ಎಲ್ಲದಕ್ಕೂ ಆಧಾರ ಕೊಡಬೇಕು. ಇಂಥ ಕಡತ ಸಿದ್ಧ ಮಾಡುವವರಲ್ಲಿ ವಿಜ್ಞಾನ ಓದಿದವರು ಬೇಕೇ ಬೇಕು.

ಬೇಲೂರು ಮೇಷ್ಟ್ರು

ಹಾಲಿನ ಲ್ಯಾಬ್ ಮೇಡಂಗೆ ಒಂದು ಪ್ರಶ್ನೆ. ಆ ಹಿಂದಕ್ಕೆ ನಡೆಯುವ ಅಭ್ಯಾಸ ಕಾಲೇಜಿನಲ್ಲಿ ಬಂತಾ? ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ಮಕ್ಕಳಿಗೆ ಅದನ್ನು ಎಲ್ಲಿಂದ ಶುರು ಮಾಡಿಸಬೇಕು ಎಂದು ತಿಳಿಯಬೇಕು.

ಹಾಲಿನ ಲ್ಯಾಬ್ (ಹಾಸನ)

ಸರ್, ಇದಕ್ಕೆ ಸತ್ಯ ಹೇಳುತ್ತೇನೆ. ಕಾಲೇಜಿನಲ್ಲಿ ಬಂದದ್ದು ಇದರ ಉಲ್ಟಾ.

ಡಿಗ್ರಿಯಲ್ಲಿ ನಮ್ಮ ಲ್ಯಾಬ್ ರೆಕಾರ್ಡ್ ಎಲ್ಲ ಸೀನಿಯರ್‌ಗಳ ರೆಕಾರ್ಡ್ ನೋಡಿ ಬರೆದದ್ದು. ಟೈಟ್ರೇಷನ್‌ನಲ್ಲಿ ಮೂರು ಸಲ ರೀಡಿಂಗ್ ತೆಗೆಯಬೇಕು. ನನಗೆ ಒಮ್ಮೆ 17.2, ಒಮ್ಮೆ 18.1, ಒಮ್ಮೆ 17.6 ಬಂತು. ರೆಕಾರ್ಡ್‌ನಲ್ಲಿ ಬರೆದದ್ದು 17.8, 17.8, 17.8. ಸರಿಯಾದ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆಯುತ್ತಿದ್ದೆವು. ಹತ್ತಕ್ಕೆ ಹತ್ತು ಅಂಕ. ನಿಜವಾದ ರೀಡಿಂಗ್ ಬರೆದ ಗೆಳತಿಗೆ ಆರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದೇ ಚಾಳಿ ಕೈಯಲ್ಲಿತ್ತು. ಎರಡು ಟ್ಯೂಬ್ ಬೇರೆ ಬೇರೆ ತೋರಿಸಿದರೆ 'ಸರಿ ಕಾಣುವ' ಒಂದನ್ನು ಬರೆದುಬಿಡುವುದು. ನಮ್ಮ ಹಿರಿಯ ಸಹಾಯಕರು, ಎಸ್ಸೆಸ್ಸೆಲ್ಸಿ ಓದಿದವರು, ಒಂದು ದಿನ ನನ್ನ ಪುಸ್ತಕ ನೋಡಿ ಹೇಳಿದರು: 'ಅಮ್ಮಾ, ಎರಡೂ ಬರಿ. ಎರಡು ಬೇರೆ ಬಂದಿದೆ ಅನ್ನೋದೇ ಸುದ್ದಿ.' ನನ್ನ ನಿಜವಾದ ಮೇಷ್ಟ್ರು ಅವರು.

ಮಕ್ಕಳಿಗೆ ಶುರು ಮಾಡುವುದಾದರೆ ಇಲ್ಲಿಂದ ಮಾಡಿ ಸರ್. ತಪ್ಪು ರೀಡಿಂಗ್ ಬರೆದ ಮಗುವಿಗೆ ಅಂಕ ಕಡಿಮೆ ಮಾಡಬೇಡಿ. ಯಾಕೆ ಹಾಗೆ ಬಂತು ಎಂದು ಒಂದು ಸಾಲು ಬರೆದರೆ ಜಾಸ್ತಿ ಕೊಡಿ.

ಸಾಲಗಾಮೆ ರಸ್ತೆ (ಹಾಸನ)

ನಾನು ಹಾಸನದ ಎಂಸಿಎಫ್‌ನಲ್ಲಿ, ಅಂದರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರದಲ್ಲಿ, ಕೆಲಸ ಮಾಡಿ ನಿವೃತ್ತನಾದವನು. ಮೇಲಿನ ಮಾತು ಓದಿ ಬರೆಯಲೇಬೇಕು ಅನ್ನಿಸಿತು.

ನಾವು ನೋಡಿಕೊಳ್ಳುವ ಉಪಗ್ರಹ ಸುಮಾರು 36,000 ಕಿಲೋಮೀಟರ್ ಮೇಲೆ ಇರುತ್ತದೆ. ಕೆಟ್ಟರೆ ಹೋಗಿ ಬಿಚ್ಚಿ ನೋಡುವ ಹಾಗಿಲ್ಲ. ಕಣ್ಣಿಗೆ ಕಾಣುವುದು ಪರದೆಯ ಮೇಲಿನ ನಂಬರ್ ಮಾತ್ರ. ಪಾಳಿ ಮುಗಿಸಿ ಹೋಗುವವನು ಬರುವವನಿಗೆ ಲಾಗ್‌ಬುಕ್ ಒಪ್ಪಿಸುತ್ತಾನೆ. ನಾನು ಸೇರಿದ ಮೊದಲ ತಿಂಗಳು ರಾತ್ರಿ ಪಾಳಿಯಲ್ಲಿ 'ಹೀಟರ್ ಆನ್ ಆಗಿದೆ' ಎಂದು ಬರೆದೆ. ಬೆಳಿಗ್ಗೆ ಬಂದ ಹಿರಿಯರು ಕೇಳಿದರು: 'ಆನ್ ಆದದ್ದನ್ನು ನೋಡಿದೆಯಾ?' ಇಲ್ಲ ಸರ್, ಬ್ಯಾಟರಿ ತಾಪಮಾನ ಏರಿತು, ಅದಕ್ಕೆ. 'ಹಾಗಾದರೆ 2:10ಕ್ಕೆ ತಾಪಮಾನ ಒಂದು ಡಿಗ್ರಿ ಏರಿತು ಅಂತ ಬರಿ. ಹೀಟರ್ ಇರಬಹುದು ಅನ್ನೋದನ್ನು ಕೆಳಗೆ ಬೇರೆ ಬರಿ.'

ನೋಡಿದ್ದು ಒಂದು, ಊಹಿಸಿದ್ದು ಇನ್ನೊಂದು. ನಲವತ್ತು ಪುಟದ ಕೈಪಿಡಿಗಿಂತ ಆ ಬೆಳಿಗ್ಗೆ ಕಲಿತದ್ದು ದೊಡ್ಡದು. ಮಾರ್ಚ್, ಸೆಪ್ಟೆಂಬರ್ ಆಸುಪಾಸಿನಲ್ಲಿ ಉಪಗ್ರಹ ದಿನಕ್ಕೆ 72 ನಿಮಿಷದವರೆಗೂ ಭೂಮಿಯ ನೆರಳಿನಲ್ಲಿ ಇರುತ್ತದೆ, ಬ್ಯಾಟರಿಯೇ ಗತಿ. ಆಗ ಹಿಂದಿನ ವರ್ಷದ ಲಾಗ್‌ಬುಕ್ ತೆಗೆದು ಹೋಲಿಸುತ್ತೇವೆ. ಅದರಲ್ಲಿ ಊಹೆಯನ್ನು ನೋಡಿದ್ದೆಂದು ಬರೆದಿದ್ದರೆ ಹೋಲಿಸುವುದು ಏನನ್ನು?

ನಮ್ಮ ಹಿರಿಯರು 1983ರ ಕಥೆ ಹೇಳುತ್ತಿದ್ದರು. ಅದಕ್ಕೆ ಹಿಂದಿನ ವರ್ಷ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ಇಂಧನ ಖಾಲಿಯಾಗಿ ಸೆಪ್ಟೆಂಬರ್‌ನಲ್ಲೇ ಕೈತಪ್ಪಿತ್ತು. 1983ರ ಆಗಸ್ಟ್ 30ರಂದು ಇನ್ಸಾಟ್-1ಬಿ ಅಮೆರಿಕದ ಚಾಲೆಂಜರ್ ನೌಕೆಯಲ್ಲಿ ಹೋಯಿತು. ಅದರ ಸೋಲಾರ್ ಫಲಕ ಬಿಚ್ಚಿಕೊಳ್ಳಲಿಲ್ಲ. ಹಾಸನದಲ್ಲಿ ಕೂತವರು, ಉಪಗ್ರಹ ಕಟ್ಟಿದ ಫೋರ್ಡ್ ಕಂಪನಿಯವರು ಸೇರಿ ಸೆಪ್ಟೆಂಬರ್ ಮಧ್ಯದವರೆಗೂ ಪಟ್ಟು ಬಿಡದೆ ಅದನ್ನು ಬಿಚ್ಚಿಸಿದರು. ಆಮೇಲೆ ದೇಶದ ಮೂಲೆ ಮೂಲೆಗೆ ಟಿವಿ ಹೋದದ್ದು ಅದರ ಬಲದಿಂದ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಏನಾಯಿತು ನೋಡಿ, ಬರೆದಿಟ್ಟು, ಮುಂದಿನದಕ್ಕೆ ಹೋಗುವುದು. ಈ ತಾಳ್ಮೆ ಇರುವ ಹುಡುಗರನ್ನು ನಾನು ಆಮೇಲೆ ಸಾಫ್ಟ್‌ವೇರ್ ಕಂಪನಿಗಳಲ್ಲೂ ಆಸ್ಪತ್ರೆ ಲ್ಯಾಬ್‌ಗಳಲ್ಲೂ ನೋಡಿದ್ದೇನೆ. ಎಲ್ಲಿ ಹೋದರೂ ಬೇಗ ಗುರುತು ಸಿಗುತ್ತಾರೆ.

ರೊಬಸ್ಟಾ (ಸಕಲೇಶಪುರ)

ಸರ್, ಗೌರವದಿಂದಲೇ ಹೇಳುತ್ತೇನೆ. ನಿಮ್ಮ ಹಿರಿಯರು ನಿಮಗೆ ಅದನ್ನು ಕಲಿಸಿದರು, ಹಾಲಿನ ಅಕ್ಕನಿಗೂ ಕೆಲಸದಲ್ಲೇ ಒಬ್ಬರು ಸಿಕ್ಕರು. ಅಂದರೆ ಕಾಲೇಜು ಕಲಿಸಲಿಲ್ಲ ಎಂದೇ ಆಯಿತಲ್ವಾ? ಹಾಗಿದ್ದರೆ ಈ ಹುಡುಗಿಯ ಐದು ವರ್ಷಕ್ಕೆ ಏನು ಹೇಳೋಣ?

ಕಾಡಂಚು (ನರಸಿಂಹರಾಜಪುರ)

ಕಾಲೇಜು ನನಗೆ ಹೆಸರುಗಳನ್ನು ಕೊಟ್ಟಿತು, ಅದು ಸಣ್ಣದಲ್ಲ. ಉಣುಗಿಗೆ ಎಷ್ಟು ಕಾಲು, ಮರಿ ಯಾವುದು, ದೊಡ್ಡದು ಯಾವುದು ಎಂದು ಗೊತ್ತಿಲ್ಲದಿದ್ದರೆ ನಾನು ಈ ಕೆಲಸಕ್ಕೇ ಬರುತ್ತಿರಲಿಲ್ಲ.

ನಾನೂ ಜಾವಳಿ ಮಳೆ ಹಾಗೆ ಪ್ರಾಣಿಶಾಸ್ತ್ರ ಓದಿದವನು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಸಮೀಕ್ಷೆಯಲ್ಲಿ ಕೆಲಸ ಮಾಡಿದ್ದೇನೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ, ನಮ್ಮ ತಾಲ್ಲೂಕಿಗೂ ಬಂದಿದೆ. ಬಿಳಿ ಬಟ್ಟೆಯನ್ನು ಕಾಡಿನ ತರಗೆಲೆ ಮೇಲೆ ಎಳೆದುಕೊಂಡು ಹೋದರೆ ಉಣುಗು ಬಟ್ಟೆಗೆ ಹತ್ತುತ್ತದೆ. ಅದನ್ನು ಚಿಮಟದಿಂದ ತೆಗೆದು ಸೀಸೆಗೆ ಹಾಕಿ ಎಣಿಸಬೇಕು.

ಅದಕ್ಕಿಂತ ಕಷ್ಟದ ಭಾಗ ತೋಟದ ಕೆಲಸಗಾರರು ಇರುವ ಲೈನ್ ಮನೆಗಳಿಗೆ ಹೋಗಿ ಮಾತಾಡುವುದು. 'ಕಾಡಿಗೆ ಹೋಗಿದ್ದಿರಾ?' ಎಂದು ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ಅರಣ್ಯ ಇಲಾಖೆಯವರು ಕೇಳಿದ ಹಾಗೆ ಕೇಳಿಸುತ್ತದೆ, ಹೆದರುತ್ತಾರೆ. ಒಂದು ತಿಂಗಳು ನನ್ನ ಪಟ್ಟಿಯಲ್ಲಿ ಕಾಡಿಗೆ ಹೋದವರೇ ಇರಲಿಲ್ಲ. ಆಮೇಲೆ ಒಬ್ಬ ಆಶಾ ಕಾರ್ಯಕರ್ತೆ ಹೇಳಿಕೊಟ್ಟರು. 'ಕೊಟ್ಟಿಗೆಗೆ ಸೊಪ್ಪು ಎಲ್ಲಿಂದ ತರ್ತೀರಿ?' ಎಂದು ಕೇಳಿ ನೋಡಿ ಅಂತ. ಮಧ್ಯಾಹ್ನದೊಳಗೆ ಇಪ್ಪತ್ಮೂರು ಮನೆಯವರು ಜಾಗ ತೋರಿಸಿದರು. ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಎಣ್ಣೆ ಯಾರಿಗೆ ಮೊದಲು ಕೊಡಬೇಕು ಎಂದು ಅವತ್ತು ಗೊತ್ತಾಯಿತು.

ಪ್ರಶ್ನೆ ತಪ್ಪಿದ್ದರೆ ಉತ್ತರವೂ ತಪ್ಪು. ಇದು ಲ್ಯಾಬಿನಲ್ಲೂ ನಿಜ, ಲೈನ್ ಮನೆಯಲ್ಲೂ ನಿಜ. ಈಗ ನಾನು ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಕುಡಿಯುವ ನೀರಿನ ಕೆಲಸ ಮಾಡುತ್ತೇನೆ. ಉಣುಗು ಬಿಟ್ಟುಹೋಯಿತು, ಕೇಳುವ ರೀತಿ ಜೊತೆಗೆ ಬಂತು.

ಕಾರೇಕೆರೆ ಹಳಬ (ಹಾಸನ)

ನಾನು ಕಾರೇಕೆರೆಯ ಕೃಷಿ ಕಾಲೇಜಿನಲ್ಲಿ ಓದಿ, ಈಗ ಬೆಳೆಗಾರರಿಗೆ ಸಲಹೆ ಕೊಡುವ ಕೆಲಸದಲ್ಲಿದ್ದೇನೆ. ರೊಬಸ್ಟಾ ಅವರ ಪ್ರಶ್ನೆ ಸರಿಯಾದ ಪ್ರಶ್ನೆ. ನನ್ನ ಉತ್ತರ: ಈ ಅಭ್ಯಾಸ ನಮ್ಮ ಊರಿನಲ್ಲಿ ಮೊದಲೇ ಇದೆ. ಕಾಲೇಜು ಅದನ್ನು ಸರಿಯಾಗಿ ಜೋಡಿಸಿಕೊಟ್ಟರೆ ಸಾಕು, ಎಷ್ಟೋ ಕಡೆ ಅದೂ ಆಗುವುದಿಲ್ಲ.

ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣ ನೋಡಿ. 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಬೆರೆಸಿದ ಮೇಲೆ ನಮ್ಮವರು ಏನು ಮಾಡುತ್ತಾರೆ? ಕತ್ತಿ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಇನ್ನಷ್ಟು ಸುಣ್ಣ ಹಾಕಿ ಮತ್ತೆ ಅದ್ದುತ್ತಾರೆ. ಹೊಡೆಯುವ ಮುಂಚೆ ಪರೀಕ್ಷೆ, ಯಾರೂ ಬಿಡುವುದಿಲ್ಲ. ಜಾವಳಿ ಮಳೆ, ನಿಮ್ಮ ಅಪ್ಪನಿಗೆ ಇದನ್ನು ಕೇಳಿ, ನಿಮ್ಮ ಓದು ಏನೆಂದು ಅರ್ಧ ಅಲ್ಲೇ ವಿವರಿಸಬಹುದು.

ಬಿಡುವುದು ಎಲ್ಲಿ ಗೊತ್ತಾ? ಹೋಲಿಕೆಯಲ್ಲಿ. ಪ್ರತಿ ವರ್ಷ ಯಾರಾದರೂ ಒಂದು ಹೊಸ ಟಾನಿಕ್ ತರುತ್ತಾರೆ. ಇಡೀ ತೋಟಕ್ಕೆ ಹೊಡೆಯುತ್ತೇವೆ. ಆ ವರ್ಷ ಹೂಮಳೆ ಸರಿಯಾಗಿ ಬಂದು, ಹೂ ಅರಳಿದ ಮೇಲೆ ಬೀಳಬೇಕಾದ ಬ್ಯಾಕಿಂಗ್ ಮಳೆಯೂ ಹೊತ್ತಿಗೆ ಬಂದಿರುತ್ತದೆ. ಫಸಲು ಚೆನ್ನಾಗಿ ನಿಂತರೆ ಹೆಸರು ಟಾನಿಕ್‌ಗೆ. ನಾಲ್ಕು ಸಾಲು ಹೊಡೆಯದೆ ಬಿಡಿ ಅಂದರೆ 'ನಾಲ್ಕು ಸಾಲಿನ ಫಸಲು ನೀವು ಕೊಡ್ತೀರಾ?' ಎಂದು ಕೇಳುತ್ತಾರೆ. ಅವರ ಕಷ್ಟ ನನಗೂ ಗೊತ್ತು. ಆದರೆ ಹೊಡೆದು ಹೊಡೆದು ಐದು ವರ್ಷದಲ್ಲಿ ಹೋದ ದುಡ್ಡು ಆ ನಾಲ್ಕು ಸಾಲಿಗಿಂತ ಜಾಸ್ತಿ. ಇದನ್ನು ಜಗಳ ಆಡದೆ, ಅವರ ಲೆಕ್ಕದ ಪುಸ್ತಕದಲ್ಲೇ ತೋರಿಸಿ ಒಪ್ಪಿಸುವುದು ನನ್ನ ಕೆಲಸದ ಮುಕ್ಕಾಲು ಭಾಗ.

ಲೆಸ್ಲಿ ಕೋಲ್ಮನ್ ಅವರ ಹೆಸರು ಕೇಳಿದ್ದೀರಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದಾಗ ಅವರ ಕೆಲಸ ಶಿಲೀಂಧ್ರ ಮತ್ತು ಕೀಟ ನೋಡುವುದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ಹೊಡೆಯುವುದನ್ನು ಮಲೆನಾಡಿನಲ್ಲಿ ಬೇರೂರಿಸಿದವರು. ಆಮೇಲೆ ಕೃಷಿ ಇಲಾಖೆಯನ್ನೇ ನಡೆಸಿದರು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಅವರಿಂದಲೇ ಶುರುವಾಯಿತು. ಮಂಡ್ಯದ ಸಕ್ಕರೆ ಕಾರ್ಖಾನೆಯ ಹಿಂದೆಯೂ ಅವರ ಶ್ರಮ ಇದೆ. ಒಬ್ಬರೇ ಮನುಷ್ಯ ಮೈಕ್ರೋಸ್ಕೋಪ್ ಮುಂದೆಯೂ ಕೂತರು, ಬಜೆಟ್ ಕಡತದ ಮುಂದೆಯೂ ಕೂತರು.

ಜಾವಳಿ ಮಳೆ (ಮೂಡಿಗೆರೆ)

ನಾಲ್ಕು ದಿನ ಆಯಿತು, ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಕತ್ತಿ ಅದ್ದುವ ಮಾತಿಗೆ ಅವರು ತುಂಬಾ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ ಅಜ್ಜನ ಮಳೆ ಪುಸ್ತಕ ತಂದುಕೊಟ್ಟರು. 1974ರಿಂದ ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಬರೆದದ್ದು. ರೊಬಸ್ಟಾ ಅಣ್ಣ ಹೇಳಿದ ಹಾಗೆ ಎಕ್ಸೆಲ್ ಕಲಿಯಬೇಕಲ್ಲ, ಇದನ್ನೇ ಹಾಕೋಣ ಎಂದು ಕೂತೆ.

ಮೂರನೇ ದಿನ ಸಿಕ್ಕಿಬಿದ್ದೆ. ಅಜ್ಜ ಎಲ್ಲರ ಹಾಗೆ ಇಂಚು, ಸೆಂಟ್‌ನಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆಯುತ್ತಿದ್ದರು. 1991ರ ಜುಲೈ ಪುಟದಲ್ಲಿ ಬರೀ '38' ಎಂದಿದೆ. 38 ಸೆಂಟ್ ಅಂದರೆ 10 ಮಿಲಿಮೀಟರ್ ಕೂಡ ಆಗುವುದಿಲ್ಲ. 38 ಮಿಲಿಮೀಟರ್ ಅಂದರೆ ಒಂದೂವರೆ ಇಂಚು. ನಾಲ್ಕು ಪಟ್ಟು ವ್ಯತ್ಯಾಸ! ಮೊದಲು 'ಜುಲೈ ಅಲ್ವಾ, ದೊಡ್ಡದೇ ಇರುತ್ತದೆ' ಎಂದು ಮಿಲಿಮೀಟರ್ ಅಂತ ಹಾಕಿದೆ. ಆಮೇಲೆ ಸಾಲಗಾಮೆ ರಸ್ತೆ ಸರ್ ನೆನಪಾದರು. ಅದು ನನ್ನ ಊಹೆ. ಪಕ್ಕದ ತೋಟದ ದೊಡ್ಡಪ್ಪನ ಮನೆಗೆ ಹೋಗಿ ಅವರ ಪುಸ್ತಕ ನೋಡಿದೆ. ಅದೇ ದಿನ ಅವರದು 1 ಇಂಚು 46 ಸೆಂಟ್. ಅಲ್ಲಿಂದ ಮುಂದಿನ ಹನ್ನೆರಡು ದಿನವೂ ತಾಳೆ ಹಾಕಿದೆ, ಅಜ್ಜನದು ಮಿಲಿಮೀಟರೇ. ಹೊಸ ಗಾಜಿನ ಅಳತೆ ತಂದಿದ್ದರಂತೆ, ಅಪ್ಪನಿಗೆ ಆಗ ನೆನಪಾಯಿತು. ಈಗ ಎಕ್ಸೆಲ್‌ನಲ್ಲಿ ಎರಡು ಕಾಲಂ ಇದೆ: ಅಜ್ಜ ಬರೆದದ್ದು, ನಾನು ತಿದ್ದಿದ್ದು. ಯಾಕೆ ತಿದ್ದಿದೆ ಎಂದು ಮೂರನೆಯದು.

ಬಯೋಡೇಟಾದಿಂದ ಪಿಸಿಆರ್ ತೆಗೆದೆ. ಅಲ್ಲಿ ಈ ಕೆಲಸವನ್ನು ಐದು ಸಾಲಿನಲ್ಲಿ ಬರೆದಿದ್ದೇನೆ.

ಇನ್ನೊಂದು. ಅಪ್ಪ ಈ ಸಲ ಟಾನಿಕ್ ಹೊಡೆಯದೆ ನಾಲ್ಕು ಸಾಲು ಬಿಡಲು ಒಪ್ಪಿದ್ದಾರೆ. ರಸ್ತೆ ಬದಿಯ ನಾಲ್ಕು ಸಾಲು, ನೋಡಲು ಸುಲಭ ಎಂದು.

ರೊಬಸ್ಟಾ (ಸಕಲೇಶಪುರ)

ಆ ಮೂರನೇ ಕಾಲಂ ಇಂಟರ್‌ವ್ಯೂನಲ್ಲಿ ತೆಗೆದು ತೋರಿಸಿ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಪ್ರಿಂಟ್ ತೆಗೆದುಕೊಂಡು ಹೋಗಿ. ಇದನ್ನು ಇಂಗ್ಲಿಷ್‌ನಲ್ಲಿ ಎರಡು ನಿಮಿಷ ಹೇಳಲು ಅಭ್ಯಾಸ ಮಾಡಿ, ಬೇಕಾದರೆ ನನಗೆ ಫೋನಿನಲ್ಲಿ ಹೇಳಿ, ಸಂಜೆ ಏಳರ ಮೇಲೆ ಬಿಡುವಾಗಿರುತ್ತೇನೆ. ಇಂಥದ್ದು ನನ್ನ ಕೈಯಲ್ಲಿ ಇರಲಿಲ್ಲ.

ಕಾರೇಕೆರೆ ಹಳಬ (ಹಾಸನ)

ರಸ್ತೆ ಬದಿ ಬೇಡಮ್ಮ. ಅಲ್ಲಿ ನೆರಳು ಕಡಿಮೆ, ಬಿಸಿಲು ಜಾಸ್ತಿ. ಅರೇಬಿಕಾ ಆದರೆ ಬಿಸಿಲು ಬೀಳುವ ಕಾಂಡಕ್ಕೇ ಬೋರರ್ (ಕಾಂಡ ಕೊರೆಯುವ ಹುಳು) ಮೊದಲು ಬರುವುದು. ಆ ಸಾಲು ಹೇಗಿದ್ದರೂ ಹಿಂದೆ ಬೀಳುತ್ತದೆ, ಟಾನಿಕ್‌ಗೆ ಸುಮ್ನೆ ಗೆಲುವು ಸಿಗುತ್ತದೆ. ಒಂದೇ ನೆರಳು, ಒಂದೇ ವಯಸ್ಸಿನ ಗಿಡ ಇರುವ ಜಾಗದಲ್ಲಿ ಎಂಟು ಪಟ್ಟೆ ಗುರುತು ಮಾಡಿ. ಎಂಟು ಚೀಟಿ ಬರೆದು ಮಡಚಿ ಡಬ್ಬಿಗೆ ಹಾಕಿ. ಯಾವ ನಾಲ್ಕು ಪಟ್ಟೆ ಬಿಡಬೇಕು ಎಂಬುದನ್ನು ನೀವೂ ಆರಿಸಬೇಡಿ, ಅಪ್ಪನೂ ಬೇಡ. ಚೀಟಿ ಮಗುವಿನ ಕೈಯಲ್ಲಿ ಎತ್ತಿಸಿ.

ಜಾವಳಿ ಮಳೆ (ಮೂಡಿಗೆರೆ)

ಎತ್ತಿಸಿದೆವು ಸರ್, ಚಿಕ್ಕಪ್ಪನ ಮಗನ ಕೈಯಲ್ಲಿ. 2, 3, 6, 7 ಬಂತು. ಎರಡು ಜೋಡಿ ಅಕ್ಕಪಕ್ಕ ಬಂದಿದೆಯಲ್ಲ, ಮತ್ತೊಮ್ಮೆ ಎತ್ತಿಸೋಣ ಎಂದು ಅಪ್ಪ ಹೇಳಿದರು. ಬೇಡ ಅಂದೆ. ಪಟ್ಟೆಗಳಿಗೆ ಹಳದಿ ಟೇಪ್ ಕಟ್ಟಿ ಆಗಿದೆ, ಕೊಯ್ಲಿನಲ್ಲಿ ಒಂದೊಂದು ಪಟ್ಟೆಯ ಹಣ್ಣು ಬೇರೆ ತೂಗಲು ತೋಟದ ಲೆಕ್ಕ ಬರೆಯುವ ರೈಟರ್‌ಗೆ ಹೇಳಿದ್ದೇನೆ. ತೂಕ ಬಂದ ಮೇಲೆ ಇಲ್ಲೇ ಹಾಕುತ್ತೇನೆ, ಹೇಗೇ ಬರಲಿ.